ಕುಟುಂಬದ ಪ್ರವಾಸಕ್ಕೆ ಯಾವ ಪುಟ್ಟ ಕ್ಯಾಮೆರಾ?

ಪ್ರವಾಸಕ್ಕೆಂದು ಕ್ಯಾಮೆರಾ ಕೊಳ್ಳಲು ಹೊರಟವರು ಮೊದಲು ನೋಡುವುದು ಎರಡೇ ಅಂಕಿ. ಎಷ್ಟು ಮೆಗಾಪಿಕ್ಸೆಲ್, ಎಷ್ಟು ಎಕ್ಸ್ ಝೂಮ್. ಡಬ್ಬಿಯ ಮೇಲೆ ದಪ್ಪಗೆ ಅಚ್ಚು ಹಾಕಿರುವುದೂ ಇವನ್ನೇ. ಆದರೆ ಸಂಜೆ ಹೊತ್ತು ಓಡಾಡುವ ಮಗುವಿನ ಮುಖ ಸ್ಪಷ್ಟವಾಗಿ ಬರುತ್ತದೋ ಇಲ್ಲವೋ ಅನ್ನುವುದನ್ನು ಈ ಎರಡರಲ್ಲಿ ಯಾವುದೂ ಹೇಳುವುದಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆಗಳೇ ಬೇರೆ. ನಿಮ್ಮ ಮನೆಯವರು ಪ್ರವಾಸದಲ್ಲಿ ಹೆಚ್ಚು ಹೊತ್ತು ಎಲ್ಲಿರುತ್ತಾರೆ? ನೀರಿನಲ್ಲಾ, ಕಾಡಿನಲ್ಲಾ, ಕಟ್ಟಡಗಳ ಒಳಗಾ? ಫೋಟೋಗಳು ಬಿಸಿಲಲ್ಲಿ ಜಾಸ್ತಿಯೋ, ದೀಪ ಹಚ್ಚಿದ ಮೇಲೆ ಜಾಸ್ತಿಯೋ? ಕ್ಯಾಮೆರಾ ಒಬ್ಬರ ಕೈಯಲ್ಲೇ ಇರುತ್ತದೋ, ಎಲ್ಲರ ಕೈಗೂ ಹೋಗುತ್ತದೋ?

ಕೊನೆಯ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನನಗೆ ಮಾತ್ರ ಅದೇ ದೊಡ್ಡದು ಅನಿಸುತ್ತದೆ. ಕ್ಯಾಮೆರಾ ಬಳಸಲು ಒಬ್ಬರಿಗೆ ಮಾತ್ರ ಬಂದರೆ, ಆ ಒಬ್ಬರು ಯಾವ ಫೋಟೋದಲ್ಲೂ ಇರುವುದಿಲ್ಲ. ಹಾಗಾಗಿ ಮುಂದೆ ಹೇಳುವ ಪ್ರತಿ ಆಯ್ಕೆಯನ್ನೂ "ಇದನ್ನು ಅಜ್ಜಿಯ ಕೈಗೂ ಹತ್ತು ವರ್ಷದ ಹುಡುಗನ ಕೈಗೂ ಕೊಡಬಹುದಾ?" ಎಂದು ಕೇಳಿಯೇ ತೂಗಿದ್ದೇನೆ.

ಫೋನ್ ಇದೆಯಲ್ಲ, ಸಾಕಲ್ವಾ?

ಎಷ್ಟೋ ಮನೆಗಳಿಗೆ ಸಾಕು. 2010ರಲ್ಲಿ ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಕಾಂಪ್ಯಾಕ್ಟ್ (ಲೆನ್ಸ್ ಬಿಚ್ಚಲಾಗದ ಪುಟ್ಟ) ಕ್ಯಾಮೆರಾಗಳು ಕಾರ್ಖಾನೆ ಬಿಟ್ಟು ಹೊರಟಿದ್ದವು. 2023ರ ಹೊತ್ತಿಗೆ ಅದು ಇಪ್ಪತ್ತು ಲಕ್ಷಕ್ಕಿಂತ ಕೆಳಗೆ ಬಂತು. ಹಗಲಿನಲ್ಲಿ, ಹತ್ತಿರದಿಂದ, ನಿಂತಲ್ಲೇ ನಿಂತ ಜನರ ಫೋಟೋ ತೆಗೆಯುವುದಾದರೆ ಇವತ್ತಿನ ಒಳ್ಳೆಯ ಫೋನು ಅಗ್ಗದ ಕಾಂಪ್ಯಾಕ್ಟ್‌ಗಿಂತ ಚೆನ್ನಾಗಿ ತೆಗೆಯುತ್ತದೆ. ಅದು ಒಂದರ ಹಿಂದೊಂದು ಹಲವು ಚಿತ್ರ ತೆಗೆದು, ಬೆರೆಸಿ, ನೆರಳು ಬಿಸಿಲು ಎರಡನ್ನೂ ಸರಿದೂಗಿಸುತ್ತದೆ. ಆ ಕೆಲಸದಲ್ಲಿ ಬಹುಪಾಲು ಪುಟ್ಟ ಕ್ಯಾಮೆರಾಗಳು ಹಿಂದೆಯೇ ಉಳಿದಿವೆ.

ಫೋನು ಸೋಲುವ ಜಾಗಗಳು ಬೇರೆ. ದೂರದ ವಸ್ತುವನ್ನು ಲೆನ್ಸ್‌ನಿಂದಲೇ ಹತ್ತಿರ ತರುವ ಕೆಲಸ ಒಂದು. ನಿಜವಾದ ಫ್ಲ್ಯಾಶ್ ಇನ್ನೊಂದು. ಕಡಲಿನ ಉಪ್ಪುನೀರು, ಮರಳು ಮತ್ತೊಂದು. ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ನಿಮ್ಮ ಫೋನಿನಲ್ಲಿ ಟಿಕೆಟ್, ದಾರಿಯ ನಕ್ಷೆ, ಹಣ, ಬಂಧುಗಳ ನಂಬರ್ ಎಲ್ಲವೂ ಇರುತ್ತವೆ. ಅದನ್ನು ಮಗುವಿನ ಕೈಗೆ ಕೊಟ್ಟು "ಹೋಗು, ನಿನಗೆ ಇಷ್ಟ ಬಂದದ್ದನ್ನು ತೆಗಿ" ಎನ್ನಲು ಧೈರ್ಯ ಬರುವುದಿಲ್ಲ. ಬೇರೆ ಕ್ಯಾಮೆರಾ ಇದ್ದರೆ ಕೊಡಬಹುದು. ಈ ನಾಲ್ಕರಲ್ಲಿ ಒಂದೂ ನಿಮಗೆ ಅನ್ವಯಿಸದಿದ್ದರೆ ಸುಮ್ನೆ ದುಡ್ಡು ಹಾಕಬೇಡಿ.

ಬೆಳಕಿನ ಲೆಕ್ಕ

ಅನ್ವಯಿಸಿದರೆ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಸೆನ್ಸರ್. ಲೆನ್ಸ್ ಹಿಂದೆ ಕೂತು ಬೆಳಕನ್ನು ಹಿಡಿಯುವ ಚಿಕ್ಕ ತಟ್ಟೆ ಅದು. ಹೆಚ್ಚಿನ ಸಣ್ಣ ಕ್ಯಾಮೆರಾಗಳಲ್ಲಿ ಇರುವುದು '1/2.3 ಇಂಚು' ಎಂಬ ಅಳತೆಯದು. ಅದರ ನಿಜವಾದ ಗಾತ್ರ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಇದಕ್ಕಿಂತ ಮೇಲಿನ ದರ್ಜೆಯಲ್ಲಿ 'ಒಂದು ಇಂಚು' ಸೆನ್ಸರ್ ಸಿಗುತ್ತದೆ. ಹೆಸರು ನಂಬಿ ಅಳೆಯಲು ಹೋದರೆ ಒಂದು ಇಂಚು ಎಲ್ಲೂ ಸಿಗುವುದಿಲ್ಲ, ಅದರ ಅಳತೆ 13.2 ಮಿ.ಮೀ. ಮತ್ತು 8.8 ಮಿ.ಮೀ. ಹಳೆಯ ಟಿವಿ ಕ್ಯಾಮೆರಾಗಳ ಕೊಳವೆಗಳನ್ನು ಅಳೆಯುತ್ತಿದ್ದ ರೀತಿಯಿಂದ ಈ ಹೆಸರು ಉಳಿದುಬಂದಿದೆ. ಏನೇ ಇರಲಿ, ವಿಸ್ತೀರ್ಣ ಲೆಕ್ಕ ಹಾಕಿದರೆ ಎರಡನೆಯದು ಮೊದಲನೆಯದರ ನಾಲ್ಕು ಪಟ್ಟು. ಅಂದರೆ ಲೆನ್ಸ್ ಒಂದೇ ತರಹದ್ದಾದರೆ ನಾಲ್ಕು ಪಟ್ಟು ಬೆಳಕು. ದೀಪದ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಮುಖದ ಮೇಲೆ ಕಾಳುಕಾಳಾಗಿ ಕಾಣುವ ಚುಕ್ಕಿಗಳು ಕಡಿಮೆಯಾಗುವುದು ಇದರಿಂದಲೇ.

ಸೆನ್ಸರ್‌ನ ಜತೆಗೆ ನೋಡಬೇಕಾದದ್ದು ಲೆನ್ಸ್ ಮೇಲೆ ಬರೆದಿರುವ ಎಫ್ ಸಂಖ್ಯೆ. ಅದು ಚಿಕ್ಕದಿದ್ದಷ್ಟೂ ಬೆಳಕು ಜಾಸ್ತಿ ಒಳಗೆ ಬರುತ್ತದೆ. ಎಫ್ 1.8 ಮತ್ತು ಎಫ್ 4.9 ಕೇಳಲು ಅಂಥ ವ್ಯತ್ಯಾಸ ಅನಿಸುವುದಿಲ್ಲ. ಆದರೆ ಮೊದಲನೆಯದು ಎರಡನೆಯದಕ್ಕಿಂತ ಏಳು ಪಟ್ಟಿಗೂ ಹೆಚ್ಚು ಬೆಳಕು ಬಿಡುತ್ತದೆ. ಒಂದು ಕೋಣೆಯಲ್ಲಿ ಎಫ್ 1.8ರಲ್ಲಿ ಸೆಕೆಂಡಿನ 200ರಲ್ಲೊಂದು ಭಾಗ ಶಟರ್ ತೆರೆದರೆ ಸಾಕಾಗುವ ಬೆಳಕಿದೆ ಅಂದುಕೊಳ್ಳಿ. ಅದೇ ಕೋಣೆಯಲ್ಲಿ ಎಫ್ 4.9 ಇದ್ದರೆ ಸುಮಾರು 30ರಲ್ಲೊಂದು ಭಾಗ ತೆರೆದಿಡಬೇಕು. ಅಷ್ಟು ಹೊತ್ತಿನಲ್ಲಿ ಮಗು ತಲೆ ಆಡಿಸಿರುತ್ತದೆ, ಮುಖ ಕಲಸಿಹೋಗುತ್ತದೆ.

ಇಲ್ಲಿ ಅಂಗಡಿಯವರು "ಇದರಲ್ಲಿ ಸ್ಟೆಬಿಲೈಸರ್ ಇದೆ, ಚಿಂತೆ ಬೇಡ" ಎನ್ನುತ್ತಾರೆ. ಸ್ಟೆಬಿಲೈಸರ್ ಸರಿಪಡಿಸುವುದು ನಿಮ್ಮ ಕೈ ನಡುಕವನ್ನು. ಎದುರಿಗಿರುವವರ ಚಲನೆಯನ್ನು ಅದು ತಡೆಯಲಾರದು. ಕಟ್ಟಡ, ಪ್ರತಿಮೆ, ಬೆಟ್ಟಗಳಿಗೆ ಅದು ವರ. ಕುಣಿಯುವ ಮಕ್ಕಳಿಗೆ ಬೇಕಾದದ್ದು ಬೆಳಕು, ಬರೀ ಬೆಳಕು.

ಮೆಗಾಪಿಕ್ಸೆಲ್ ವಿಷಯ ಇಷ್ಟೇ. 20 ಸೆಂ.ಮೀ. ಅಗಲ 30 ಸೆಂ.ಮೀ. ಎತ್ತರದ ಒಳ್ಳೆಯ ಪ್ರಿಂಟ್‌ಗೆ ಒಂಬತ್ತು ಮೆಗಾಪಿಕ್ಸೆಲ್ ಸಾಕು. ಹೆಸರಿರುವ ಕಂಪನಿಗಳ ಹೊಸ ಕ್ಯಾಮೆರಾಗಳಲ್ಲಿ ಅದಕ್ಕಿಂತ ಕಡಿಮೆ ಇರುವುದು ಅಪರೂಪ. ಆದ್ದರಿಂದ ಆ ಅಂಕಿಯನ್ನು ಮರೆತುಬಿಡಿ.

ಒಂದು ಇಂಚಿನ ಗುಂಪು

ಸೋನಿ 2012ರಲ್ಲಿ ಆರ್‌ಎಕ್ಸ್100 ತಂದಾಗ ಜೇಬಿನ ಕ್ಯಾಮೆರಾದಲ್ಲಿ ಇಷ್ಟು ದೊಡ್ಡ ಸೆನ್ಸರ್ ಹಿಡಿಸಬಹುದು ಎಂದು ತೋರಿತು. ಅಂದಿನಿಂದ ಈ ಗುಂಪೇ ಕುಟುಂಬಗಳಿಗೆ ಒಳ್ಳೆಯ ನಡುದಾರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ಇದರೊಳಗೆ ಹೋಲಿಸಲು ಎರಡು ಮಾದರಿ ಸಾಕು. ಎರಡೂ 2019ರಲ್ಲಿ ಬಂದವು, ಎರಡರ ತೂಕವೂ 300 ಗ್ರಾಂ ಆಸುಪಾಸು.

ಒಂದು, ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3. ಲೆನ್ಸ್ 24ರಿಂದ 100 ಮಿ.ಮೀ. (ಈ ಅಂಕಿ ಚಿಕ್ಕದಿದ್ದಷ್ಟೂ ನೋಟ ಅಗಲ, ದೊಡ್ಡದಿದ್ದಷ್ಟೂ ದೂರದ್ದು ಹತ್ತಿರ), ಎಫ್ 1.8ರಿಂದ 2.8. ಪೂರ್ತಿ ಝೂಮ್ ಮಾಡಿದಾಗಲೂ ಎಫ್ 2.8 ಉಳಿಯುತ್ತದೆ ಎಂಬುದೇ ಇದರ ಬಲ. ಪರದೆ ಮೇಲಕ್ಕೆ ಮಡಚಿ ಮುಂದಕ್ಕೆ ತಿರುಗುತ್ತದೆ, ಎಲ್ಲರೂ ಸೇರಿ ಸೆಲ್ಫಿ ತೆಗೆಯಬಹುದು. ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ಇಲ್ಲ. ಇನ್ನೊಂದು, ಸೋನಿ ಆರ್‌ಎಕ್ಸ್100 ಮಾರ್ಕ್ 7. ಇದರ ಲೆನ್ಸ್ 24ರಿಂದ 200 ಮಿ.ಮೀ.ವರೆಗೆ ಹೋಗುತ್ತದೆ, ಆದರೆ ಎಫ್ 2.8ರಿಂದ 4.5. ಮೂಲೆಯಿಂದ ಪುಟಿದೇಳುವ ಚಿಕ್ಕ ವ್ಯೂಫೈಂಡರ್ ಇದೆ. ಸೆಕೆಂಡಿಗೆ 20 ಫೋಟೋ ತೆಗೆಯುತ್ತಲೇ ಓಡುವ ಮಗುವಿನ ಮೇಲೆ ಫೋಕಸ್ ಹಿಡಿದಿಡುತ್ತದೆ.

ಯಾವುದು? ಮಗು ಇನ್ನೂ ಚಿಕ್ಕದು, ಪ್ರವಾಸದ ಅರ್ಧ ಹೊತ್ತು ಕೋಣೆಯೊಳಗೆ, ಊಟದ ಮೇಜಿನ ಸುತ್ತ, ಸಂಜೆಯ ಬೀದಿಯಲ್ಲಿ ಕಳೆಯುತ್ತದೆ ಅನ್ನುವುದಾದರೆ ಕ್ಯಾನನ್. ಮಕ್ಕಳು ಮೈದಾನದಲ್ಲಿ ಓಡುವ ವಯಸ್ಸಿನವರು, ಬಿಸಿಲಲ್ಲೇ ಹೆಚ್ಚು ಫೋಟೋ, ಒಂದೇ ಕ್ಯಾಮೆರಾ ಎಲ್ಲಕ್ಕೂ ಆಗಬೇಕು ಅನ್ನುವುದಾದರೆ ಸೋನಿ. ಬಿಸಿಲಿನಲ್ಲಿ ಪರದೆ ಸರಿಯಾಗಿ ಕಾಣದೆ ಕಷ್ಟಪಡುವ ಹಿರಿಯರು ಮನೆಯಲ್ಲಿದ್ದರೆ ವ್ಯೂಫೈಂಡರ್ ನಿಜಕ್ಕೂ ಉಪಕಾರಿ. ಆದರೆ ಸೋನಿಯ ಮೆನು ಉದ್ದ, ಅದರಲ್ಲಿ ದಾರಿ ತಪ್ಪುವುದು ಸುಲಭ. ಅಜ್ಜಿಯ ಕೈಗೆ ಕೊಡುವ ಮೊದಲು ಮೇಲಿನ ಗುಂಡಿಯನ್ನು ಆಟೋಗೆ ತಿರುಗಿಸಿಬಿಡಿ.

ಈ ಗುಂಪಿನ ದೊಡ್ಡ ದೌರ್ಬಲ್ಯ ಮರಳು. ಲೆನ್ಸ್ ಹೊರಗೆ ಬಂದು ಒಳಗೆ ಹೋಗುವ ಕ್ಯಾಮೆರಾಗಳಿಗೆಲ್ಲ ಇದು ಶತ್ರು. ಒಂದು ಕಣ ಆ ಕೊಳವೆಗಳ ನಡುವೆ ಸಿಕ್ಕಿಕೊಂಡರೆ ಲೆನ್ಸ್ ಕಿರ್ರೆಂದು ನಿಂತುಬಿಡಬಹುದು. ಅದರ ರಿಪೇರಿ ಖರ್ಚು ಕೇಳಿದರೆ ಹೊಸದನ್ನೇ ಕೊಳ್ಳೋಣ ಅನಿಸುತ್ತದೆ. ಕಡಲ ತೀರದಲ್ಲಿ ಇವುಗಳನ್ನು ಜಿಪ್ ಇರುವ ಚೀಲದಲ್ಲಿಡಿ, ಒದ್ದೆ ಕೈಯವರಿಗೆ ಕೊಡಬೇಡಿ.

ದೂರದ್ದನ್ನು ಹತ್ತಿರ ತರುವವು

30 ಎಕ್ಸ್ ಅಂದರೆ ಎಷ್ಟು ದೂರ ಅಂತಲ್ಲ. ಅತಿ ಅಗಲದ ನೋಟಕ್ಕೂ ಅತಿ ಇಕ್ಕಟ್ಟಿನ ನೋಟಕ್ಕೂ ಇರುವ ಅನುಪಾತ ಅಷ್ಟೇ. ನೋಡಬೇಕಾದದ್ದು ಮಿಲಿಮೀಟರ್. 2025ರಲ್ಲಿ ಬಂದ ಪ್ಯಾನಸಾನಿಕ್ ಟಿಝಡ್99 24ರಿಂದ 720 ಮಿ.ಮೀ.ವರೆಗೆ ಹೋಗುತ್ತದೆ. ಕೆಲವು ದೇಶಗಳಲ್ಲಿ ಇದೇ ಕ್ಯಾಮೆರಾ ಝಡ್‌ಎಸ್99 ಎಂಬ ಹೆಸರಿನಲ್ಲಿದೆ. 720 ಮಿ.ಮೀ.ನಲ್ಲಿ 50 ಮೀಟರ್ ಆಚೆಗಿನ ಎರಡೂವರೆ ಮೀಟರ್ ಅಗಲದ ಜಾಗ ಇಡೀ ಚೌಕಟ್ಟು ತುಂಬುತ್ತದೆ. ಅಂದರೆ ಹೊಳೆಯಾಚೆ ನಿಂತ ಒಂದು ಜಿಂಕೆ ತಲೆಯಿಂದ ಬಾಲದವರೆಗೆ ಚೆನ್ನಾಗಿ ಹಿಡಿಸುತ್ತದೆ. ಇದನ್ನು ಜೇಬಿನಲ್ಲಿ ಹಾಕಿಕೊಳ್ಳಬಹುದು ಅನ್ನುವುದು ದೊಡ್ಡ ವಿಷಯವೇ. ಮಕ್ಕಳಿಗಂತೂ ಇದು ಕ್ಯಾಮೆರಾ ಮಾತ್ರವಲ್ಲ, ದುರ್ಬೀನೂ ಹೌದು. ಗಂಟೆಗಟ್ಟಲೆ ಹಕ್ಕಿ ಹುಡುಕುತ್ತಾ ಕೂರುತ್ತಾರೆ.

ಇದಕ್ಕೆ ಬೆಲೆ ತೆರಬೇಕಾದದ್ದು ಬೆಳಕಿನಲ್ಲಿ. ಸೆನ್ಸರ್ ಆ ಚಿಕ್ಕ 1/2.3 ಇಂಚಿನದು, ಪೂರ್ತಿ ಝೂಮ್‌ನಲ್ಲಿ ಎಫ್ 6.4. ಹೊತ್ತು ಮುಳುಗಿದ ಮೇಲೆ ಇದರಿಂದ ಫೋನಿಗಿಂತ ಒಳ್ಳೆಯ ಫೋಟೋ ನಿರೀಕ್ಷಿಸಬೇಡಿ. ಹಿಂದಿನ ಟಿಝಡ್95ರಲ್ಲಿ ವ್ಯೂಫೈಂಡರ್ ಇತ್ತು, ಹೊಸದರಲ್ಲಿ ತೆಗೆದುಹಾಕಿದ್ದಾರೆ. ನನ್ನ ಮಟ್ಟಿಗೆ ಇದು ನಷ್ಟ. 720 ಮಿ.ಮೀ.ನಲ್ಲಿ ಕ್ಯಾಮೆರಾವನ್ನು ಕೈ ಚಾಚಿ ಹಿಡಿದರೆ ಚಿತ್ರ ಕುಣಿಯುತ್ತದೆ, ಹಣೆಗೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಬಳಸಿದ ಟಿಝಡ್95 ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. (ಮೃಗಾಲಯದ ಬೇಲಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ: ಲೆನ್ಸನ್ನು ತಂತಿಗೆ ಆದಷ್ಟು ಹತ್ತಿರ ತಂದು, ಜಾಸ್ತಿ ಝೂಮ್ ಮಾಡಿ. ಪ್ರಾಣಿ ಬೇಲಿಯಿಂದ ಹಿಂದಕ್ಕಿದ್ದರೆ ತಂತಿ ಮಸುಕಾಗಿ ಮಾಯವಾಗುತ್ತದೆ.)

ಇದಕ್ಕಿಂತ ದೂರ ಹೋಗುವ ಕ್ಯಾಮೆರಾಗಳೂ ಇವೆ. ನಿಕಾನ್ ಪಿ950 ಎರಡು ಸಾವಿರ ಮಿ.ಮೀ. ಮುಟ್ಟುತ್ತದೆ. ಆದರೆ ಅದು ಒಂದು ಕಿಲೋ ತೂಗುತ್ತದೆ. ಮಗುವನ್ನೂ ಚೀಲವನ್ನೂ ಹೊತ್ತವರು ಅದನ್ನು ಎರಡನೆಯ ದಿನವೇ ಕೋಣೆಯಲ್ಲಿ ಬಿಟ್ಟುಹೋಗುತ್ತಾರೆ.

ನೀರಿಗೆ ಬಿದ್ದರೂ ಪರವಾಗಿಲ್ಲ

ಓಎಂ ಸಿಸ್ಟಮ್ ಬ್ರ್ಯಾಂಡ್‌ನ ಟಫ್ ಟಿಜಿ-7 ಬಂದದ್ದು 2023ರಲ್ಲಿ. ಕಂಪನಿಯ ಮಾತಿನಂತೆ 15 ಮೀಟರ್ ನೀರಿನಾಳ, 2.1 ಮೀಟರ್ ಎತ್ತರದಿಂದ ಬೀಳುವುದು, 100 ಕಿಲೋ ಭಾರ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ, ಎಲ್ಲವನ್ನೂ ತಡೆಯುತ್ತದೆ. ಲೆನ್ಸ್ ಹೊರಗೆ ಬರುವುದೇ ಇಲ್ಲ, ಝೂಮ್ ಒಳಗೊಳಗೇ ನಡೆಯುತ್ತದೆ. ಮರಳಿನ ಭಯ ಇಲ್ಲದಿರುವುದಕ್ಕೆ ಇದೇ ಕಾರಣ. 25ರಿಂದ 100 ಮಿ.ಮೀ., 12 ಮೆಗಾಪಿಕ್ಸೆಲ್, ಸೆನ್ಸರ್ ಚಿಕ್ಕದು. ಲೆನ್ಸ್‌ನಿಂದ ಒಂದು ಸೆಂಟಿಮೀಟರ್ ದೂರದ ವಸ್ತುವಿನ ಮೇಲೂ ಫೋಕಸ್ ಮಾಡುವ ಮೈಕ್ರೋಸ್ಕೋಪ್ ಮೋಡ್ ಒಂದಿದೆ. ಇರುವೆ, ಹೂವಿನ ಕೇಸರ, ಚಿಪ್ಪಿನ ಗೆರೆ ಇವನ್ನೆಲ್ಲ ಮಕ್ಕಳು ಇದರಲ್ಲಿ ತೆಗೆಯುವುದನ್ನು ನೋಡಬೇಕು.

ಫೋಟೋದ ಗುಣಮಟ್ಟ ಮಾತ್ರ ತೂಗುವವರು ಇದನ್ನು ಪಟ್ಟಿಯ ಕೊನೆಗೆ ತಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವ, ಒಳ್ಳೆಯ ಫೋನೂ ಇರುವ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಫೋನು ಸಂಜೆಯ ಫೋಟೋ ನೋಡಿಕೊಳ್ಳಲಿ, ಇದು ಫೋನು ಹೋಗಲಾರದ ಕಡೆಗೆಲ್ಲ ಹೋಗಲಿ. ಕೈಯಿಂದ ಕೈಗೆ ದಾಟುವಾಗ "ಹುಷಾರು! ಬೀಳಿಸಬೇಡ!" ಎಂದು ಯಾರೂ ಕೂಗುವುದಿಲ್ಲ. ಆ ಕೂಗು ಇಲ್ಲದ ಫೋಟೋಗಳೇ ಬೇರೆ ತರಹ ಇರುತ್ತವೆ. ಟಚ್ ಪರದೆ ಇಲ್ಲ ಎಂದು ಬೇಜಾರಾಗಬೇಡಿ, ಒದ್ದೆ ಬೆರಳಿಗೆ ಗುಂಡಿಗಳೇ ವಾಸಿ.

ಆರೈಕೆ ಮಾತ್ರ ಬೇಕು. ಬ್ಯಾಟರಿ ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿಯ ಮೇಲೆ ಒಂದು ಕೂದಲೆಳೆ ಕೂತರೂ ನೀರು ಒಳಗೆ ನುಗ್ಗುತ್ತದೆ. ಬಾಗಿಲನ್ನು ತೀರದಲ್ಲಿ ತೆಗೆಯಬೇಡಿ. ಉಪ್ಪುನೀರಿನಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆಯಿರಿ. ಇನ್ನೊಂದು, ಇದು ತೇಲುವುದಿಲ್ಲ. ತೇಲುವ ಪಟ್ಟಿಯೊಂದನ್ನು ಕಟ್ಟದಿದ್ದರೆ ಕೈ ಜಾರಿದ ಕ್ಯಾಮೆರಾ ತಳ ಸೇರುತ್ತದೆ.

ಝೂಮ್ ಇಲ್ಲದ ಚೆಲುವೆಯರು

ರಿಕೋ ಜಿಆರ್ 3, ಫ್ಯೂಜಿಫಿಲ್ಮ್ ಎಕ್ಸ್100ವಿಐ. ಇವುಗಳ ಸೆನ್ಸರ್ ಒಂದು ಇಂಚಿನದಕ್ಕಿಂತ ಮೂರು ಪಟ್ಟು ದೊಡ್ಡದು. ಫೋಟೋಗಳು ನಿಜಕ್ಕೂ ಸುಂದರ. ರಿಕೋ ತೂಕ 257 ಗ್ರಾಂ, ಅಂಗಿಯ ಜೇಬಿಗೂ ಸೇರುತ್ತದೆ. ಫ್ಯೂಜಿ 521 ಗ್ರಾಂ, ಕೊರಳಿಗೆ ಹಾಕಿಕೊಳ್ಳಬೇಕು.

ಆದರೆ ಒಂದೇ ನೋಟ. ರಿಕೋ 28 ಮಿ.ಮೀ., ಫ್ಯೂಜಿ 35 ಮಿ.ಮೀ. ಇದರ ಅರ್ಥ ಹೀಗೆ: ಮೂರು ಮೀಟರ್ ದೂರದಲ್ಲಿ ನಿಂತು ತೆಗೆದರೆ 24 ಮಿ.ಮೀ. ಲೆನ್ಸ್‌ನಲ್ಲಿ ನಾಲ್ಕೂವರೆ ಮೀಟರ್ ಅಗಲ ಹಿಡಿಸುತ್ತದೆ, 35 ಮಿ.ಮೀ.ನಲ್ಲಿ ಮೂರು ಮೀಟರ್ ಚಿಲ್ಲರೆ. ಇಡೀ ಕುಟುಂಬ ಒಂದು ಚಿಕ್ಕ ಕೋಣೆಯಲ್ಲಿ ಸೇರಿದಾಗ ಆ ಒಂದೂವರೆ ಮೀಟರ್‌ನಲ್ಲಿ ಇಬ್ಬರು ಹೊರಗುಳಿಯುತ್ತಾರೆ. ಹಿಂದೆ ಸರಿಯೋಣ ಅಂದರೆ ಗೋಡೆ. ರಿಕೋದಲ್ಲಿ ಫ್ಲ್ಯಾಶೂ ಇಲ್ಲ. ಮನೆಯಲ್ಲಿ ಒಬ್ಬರಿಗೆ ಫೋಟೋಗ್ರಫಿಯ ಹುಚ್ಚಿದ್ದರೆ, ಉಳಿದವರ ಬಳಿ ಫೋನುಗಳಿದ್ದರೆ ಕೊಳ್ಳಿ. ಇಡೀ ಮನೆಗೆ ಒಂದೇ ಕ್ಯಾಮೆರಾ ಅಂತಾದರೆ ಬೇಡ.

ಫ್ಲ್ಯಾಶ್, ಬ್ಯಾಟರಿ, ಚಾರ್ಜರ್

ಫ್ಲ್ಯಾಶ್ ಕತ್ತಲೆಗೆ ಮಾತ್ರ ಅಂದುಕೊಂಡವರೇ ಜಾಸ್ತಿ. ಅದು ನಿಜವಾಗಿ ಬೇಕಾಗುವುದು ಹಗಲಿನಲ್ಲಿ. ಹಿಂದೆ ಮುಳುಗುವ ಸೂರ್ಯ, ಮುಂದೆ ಮನೆಯವರು. ಹಾಗೇ ತೆಗೆದರೆ ಮುಖಗಳೆಲ್ಲ ಕಪ್ಪು. ಫ್ಲ್ಯಾಶ್ ಒತ್ತಾಯದಿಂದ ಹಚ್ಚಿದರೆ ಆಕಾಶದ ಬಣ್ಣವೂ ಮುಖಗಳೂ ಒಟ್ಟಿಗೆ ಬರುತ್ತವೆ. ಫೋನಿನ ಪುಟ್ಟ ಎಲ್‌ಇಡಿ ದೀಪದಿಂದ ಆಗದ ಕೆಲಸ ಇದು. ಈ ಒಂದೇ ಕಾರಣಕ್ಕೆ ಫ್ಲ್ಯಾಶ್ ಇರುವ ಮಾದರಿಯನ್ನೇ ಆರಿಸಿ ಎನ್ನುತ್ತೇನೆ.

ಬ್ಯಾಟರಿ ವಿಷಯದಲ್ಲಿ ಈ ಪುಟ್ಟ ಕ್ಯಾಮೆರಾಗಳೆಲ್ಲ ಬಡವರೇ. ಕಂಪನಿಗಳು ಹೇಳುವ ಲೆಕ್ಕದಂತೆ ರಿಕೋ ಜಿಆರ್ 3ರಲ್ಲಿ 200 ಫೋಟೋ, ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3ರಲ್ಲಿ 235, ಸೋನಿಯಲ್ಲಿ 260. ವಿಡಿಯೋ ತೆಗೆದರೆ ಇನ್ನೂ ಬೇಗ ಖಾಲಿ. ಹೆಚ್ಚುವರಿ ಬ್ಯಾಟರಿ ಒಂದನ್ನು ಬಜೆಟ್‌ನಲ್ಲೇ ಸೇರಿಸಿಕೊಳ್ಳಿ. ವಿಮಾನದಲ್ಲಿ ಹೋಗುವುದಾದರೆ ಅದನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಕ್ಯಾಮೆರಾಗಳಿಗೆ ಯುಎಸ್‌ಬಿ-ಸಿ ಕಡ್ಡಾಯವಾಯಿತು, ಹಾಗಾಗಿ ಹೊಸ ಮಾದರಿಗಳಿಗೆ ಫೋನಿನ ಕೇಬಲ್ಲೇ ಸಾಕಾಗುತ್ತಿದೆ. ಟಿಜಿ-7, ಟಿಝಡ್99 ಎರಡರಲ್ಲೂ ಅದಿದೆ. ಆರ್‌ಎಕ್ಸ್100 ಮಾರ್ಕ್ 7ರಲ್ಲಿ ಇನ್ನೂ ಹಳೆಯ ಮೈಕ್ರೋ ಯುಎಸ್‌ಬಿ. ಪ್ರವಾಸದಲ್ಲಿ ಆ ಒಂದು ಕೇಬಲ್ ಮರೆತರೆ ಕಷ್ಟ.

ವಿಡಿಯೋ ನಿಮಗೆ ಮುಖ್ಯವಾದರೆ ಮೈಕ್ ಸಿಕ್ಕಿಸುವ ತೂತು ಇದೆಯಾ ನೋಡಿ. ಮೇಲೆ ಹೇಳಿದ ಕ್ಯಾನನ್, ಸೋನಿ ಎರಡರಲ್ಲೂ ಇದೆ.

ಕಣ್ಣಿಗೆ ಮಣ್ಣೆರಚುವ ಮಾಲು

ಇದನ್ನು ಹೇಳದೆ ಬಿಡಲಾರೆ. ಆನ್‌ಲೈನ್‌ನಲ್ಲಿ ಕೇಳರಿಯದ ಹೆಸರಿನ, ತೀರಾ ಅಗ್ಗದ ಕ್ಯಾಮೆರಾಗಳು ರಾಶಿ ಬಿದ್ದಿವೆ. 48 ಮೆಗಾಪಿಕ್ಸೆಲ್, 16 ಎಕ್ಸ್ ಝೂಮ್, 4ಕೆ ವಿಡಿಯೋ ಎಂದು ಬರೆದಿರುತ್ತಾರೆ. ಒಳಗಿರುವುದು ಸಾಮಾನ್ಯವಾಗಿ ಅಗ್ಗದ ಫೋನಿನಲ್ಲಿರುವಂಥ ಚಿಕ್ಕ ಸೆನ್ಸರ್. ಅದು ತೆಗೆದ ಚಿತ್ರವನ್ನೇ ಹಿಗ್ಗಿಸಿ 48 ಎಂದು ತೋರಿಸುತ್ತಾರೆ. ಝೂಮ್ ಕೂಡ ಡಿಜಿಟಲ್, ಅಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡುವುದು. ಗುರುತಿಸುವುದು ಸುಲಭ. ಸೆನ್ಸರ್ ಗಾತ್ರ ಎಲ್ಲೂ ಬರೆದಿರುವುದಿಲ್ಲ. 'ಆಪ್ಟಿಕಲ್' ಎಂಬ ಮಾತು ಇರುವುದಿಲ್ಲ. ಲೆನ್ಸ್ ಸುತ್ತ ಮಿಲಿಮೀಟರ್ ಅಂಕಿ ಇರುವುದಿಲ್ಲ. ಆಟಿಕೆ ಅಂತ ಗೊತ್ತಿದ್ದೇ ಕೊಂಡರೆ ಸರಿ, ಪ್ರವಾಸದ ನೆನಪುಗಳನ್ನು ಇದರ ಮೇಲೆ ಬಿಡಬೇಡಿ. ಅಷ್ಟೇ ದುಡ್ಡಿಗೆ ಹೆಸರಿರುವ ಕಂಪನಿಯ ಹಳೆಯ ಕ್ಯಾಮೆರಾ ಸಿಗುವ ಸಾಧ್ಯತೆ ಇದೆ.

ಹಳೆಯದನ್ನು ಕೊಳ್ಳುವಾಗ ಮಾಲಕರ ಎದುರೇ ಪರೀಕ್ಷಿಸಿ. ಕ್ಯಾಮೆರಾ ಹಲವು ಸಲ ಆನ್ ಆಫ್ ಮಾಡಿ, ಲೆನ್ಸ್ ಸದ್ದಿಲ್ಲದೆ ಬಂದು ಹೋಗಬೇಕು. ಎಫ್ ಸಂಖ್ಯೆಯನ್ನು ಕೈಯಾರೆ ದೊಡ್ಡದು ಮಾಡಿ ಬಿಳಿ ಗೋಡೆಯ ಫೋಟೋ ತೆಗೆಯಿರಿ. ಬೂದು ಚುಕ್ಕಿಗಳು ಕಂಡರೆ ಒಳಗೆ ಧೂಳಿದೆ, ಇಂಥ ಕ್ಯಾಮೆರಾಗಳಲ್ಲಿ ಅದನ್ನು ಬಿಚ್ಚದೆ ತೆಗೆಯಲಾಗುವುದಿಲ್ಲ. ಬ್ಯಾಟರಿ ಉಬ್ಬಿದೆಯಾ ನೋಡಿ. ಫ್ಲ್ಯಾಶ್ ಹಾರಿಸಿ ನೋಡಿ. ನೀರು ತಡೆಯುವ ಕ್ಯಾಮೆರಾವನ್ನು ಮಾತ್ರ ಹಳೆಯದು ಕೊಳ್ಳಬೇಡಿ. ಆ ರಬ್ಬರ್ ಪಟ್ಟಿ ಎಷ್ಟು ಸವೆದಿದೆ ಅನ್ನುವುದು ಹೊರಗಿನಿಂದ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಕ್ಯಾಮೆರಾ ನೀರಿನಲ್ಲಿರುತ್ತದೆ.

ಯಾವುದನ್ನೇ ತಂದರೂ ಹೊರಡುವ ಹಿಂದಿನ ರಾತ್ರಿ ತರಬೇಡಿ. ಕೆಲವು ವಾರ ಮುಂಚೆ ತಂದು ಮನೆಯಲ್ಲಿ ಎಲ್ಲರ ಕೈಗೂ ಕೊಡಿ. ಶಟರ್ ಗುಂಡಿಯನ್ನು ಅರ್ಧ ಒತ್ತಿ, ಫೋಕಸ್ ಆದ ಹಸಿರು ಗುರುತು ಕಂಡ ಮೇಲೆ ಪೂರ್ತಿ ಒತ್ತುವುದು ಫೋನಿನಲ್ಲಿ ಬೆಳೆದ ಮಕ್ಕಳಿಗೆ ಹೊಸದು. ಎರಡು ಸಂಜೆ ಆಡಿದರೆ ಕಲಿತುಬಿಡುತ್ತಾರೆ. ಹಾಗೆಯೇ ಫೋನಿನ ಆ್ಯಪ್‌ಗೆ ಫೋಟೋ ಕಳಿಸುವುದನ್ನು ಒಮ್ಮೆ ಮಾಡಿ ನೋಡಿ, ಮೊದಲ ಸಲ ಜೋಡಿಸುವುದು ತುಸು ತಲೆನೋವಿನ ಕೆಲಸ. ಗಡಿಯಾರವನ್ನೂ ಸರಿಮಾಡಿ. ಕ್ಯಾಮೆರಾದ ಸಮಯ ತಪ್ಪಿದ್ದರೆ ಅದರ ಫೋಟೋಗಳೂ ನಾಲ್ಕು ಫೋನುಗಳ ಫೋಟೋಗಳೂ ಒಂದೇ ಫೋಲ್ಡರಿನಲ್ಲಿ ಹಿಂದುಮುಂದಾಗಿ ಕೂರುತ್ತವೆ, ಆಮೇಲೆ ವಿಂಗಡಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ.